ಗೆರೆ ಬೀಳದ ನಲವತ್ತೇಳು

ಕಳೆದ ವಾರ ಹಳೆಯ ಜಪಾನೀ ನಿಘಂಟನ್ನು ರದ್ದಿಗೆ ಹಾಕುವ ಮೊದಲು ಕೊಡವಿದೆ. ಒಳಗಿನಿಂದ ಒಂದು ಚೀಟಿ ಬಿತ್ತು. ಅದರ ತುಂಬ ಎರಡಂಕಿಯ ನಂಬರುಗಳು, ಒಂದೊಂದಕ್ಕೂ ನೀಲಿ ಶಾಯಿಯ ಅಡ್ಡಗೆರೆ. ಕೊನೆಯ ನಲವತ್ತೇಳಕ್ಕೆ ಮಾತ್ರ ಗೆರೆಯಿಲ್ಲ. ಮೂಗಿನ ಹತ್ತಿರ ಹಿಡಿದರೆ ಕಾಕಾನ ಜೇಬಿನ ಲವಂಗದ ವಾಸನೆ ಬಂದಂತಾಯಿತು... ಇಷ್ಟು ವರ್ಷದ ಮೇಲೆ ಎಲ್ಲಿಂದ ಬರಬೇಕು!

ಆಗ ನಾನು ಮೈಸೂರಿನಿಂದ ಹೈದರಾಬಾದಿಗೆ ಹೊಸದಾಗಿ ಬಂದವಳು. ಕೊಂಡಾಪುರದಲ್ಲಿ ಕಟ್ಟಡಗಳಿಗಿಂತ ಬಂಡೆಗಳೇ ಹೆಚ್ಚಿದ್ದ ಕಾಲ. ಜಪಾನೀ ಕಲಿತವರನ್ನು ಮೊದಲು ಜಪಾನಿಗೆ ಕಳಿಸುತ್ತೇವೆ ಎಂದು ಆಫೀಸಿನಲ್ಲಿ ಹೇಳಿದ್ದೇ ತಡ, ಶನಿವಾರ ಬೆಳಿಗ್ಗೆ ಬೇಗಂಪೇಟೆಯ ಒಂದು ಮೂರನೇ ಮಹಡಿಯ ತರಗತಿಗೆ ಸೇರಿಕೊಂಡೆ. ಅಲ್ಲಿ ಕನ್ನಡದವರೇ ಆರು ಜನ. ಅವರಲ್ಲೊಬ್ಬರು ಕೂದಲೆಲ್ಲ ಬೆಳ್ಳಗಾದ ರಾಯಚೂರು ಕಡೆಯವರು, ನಿವೃತ್ತ ಸ್ಟೇಷನ್ ಮಾಸ್ತರರು. ಮಲ್ಕಾಜ್‌ಗಿರಿಯಿಂದ ರೈಲಿನಲ್ಲೇ ಬರುತ್ತಿದ್ದರು. ಮೊಮ್ಮಗನನ್ನು ಬಿಡಲು ಬಂದಿದ್ದೀರಾ ಎಂದು ಮೊದಲ ದಿನವೇ ಕೇಳಿಬಿಟ್ಟೆ. ನನ್ನ ಬಾಯಿ ಯಾವಾಗಲೂ ಹೀಗೆ.

"ಇಲ್ಲವಾ ಯವ್ವಾ, ನಾನೂ ಕಲಿಯಾಕ ಬಂದೀನಿ," ಎಂದರು. "ಅಲ್ಲಿ ರೈಲು ಒಂದು ನಿಮಿಷ ತಡಾ ಆದ್ರೂ ಕ್ಷಮಾ ಕೇಳ್ತಾರಂತ. ಅದನ್ನ ಅವರ ಬಾಯಿಂದನ ಕೇಳಬೇಕಾಗೈತಿ."

ಆವತ್ತಿನಿಂದ ಅವರು ನಮಗೆಲ್ಲ ಕಾಕಾ.

ಬೆಂಗಳೂರಿನ ಹತ್ತಿರದ ಒಂದು ಕಾರ್ಖಾನೆಗೆ ಕೆಲಸಕ್ಕೆ ಬರಲಿದ್ದ ಕೆಲವರು ಜಪಾನಿನ ಒಂದು ಊರಿನಲ್ಲಿ ಕನ್ನಡ ಕಲಿಯುತ್ತಿದ್ದರು. ನಮ್ಮ ಟೀಚರು ಅವರೊಂದಿಗೆ ವಿಡಿಯೊ ಮಾತುಕತೆ ಗೊತ್ತು ಮಾಡಿದರು. ಅರ್ಧ ಗಂಟೆ ಅವರ ಭಾಷೆ, ಅರ್ಧ ಗಂಟೆ ನಮ್ಮದು. ಹೇಳಲು ಸುಲಭ! ಚಿತ್ರ ನಿಂತಲ್ಲೇ ನಿಲ್ಲುತ್ತಿತ್ತು, ದನಿ ಮೂರು ಸೆಕೆಂಡು ತಡವಾಗಿ ಬರುತ್ತಿತ್ತು. ಉತ್ತರ ಬರಲಿಲ್ಲವೆಂದು ನಾವು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅವರೂ ತೆರೆದಿರುತ್ತಿದ್ದರು. ಮೇಲಿನಿಂದ ವಿಮಾನ ಇಳಿಯುವ ಗದ್ದಲ ಬೇರೆ. ಎರಡು ಶನಿವಾರ ಹೀಗೇ ಹಾಳಾದ ಮೇಲೆ, ಈ ಸಂತೆ ಸಾಕು ಎಂದು ನಾನೇ ಮೊದಲು ಎದ್ದೆ.

ಆಗ ಕಾಕಾ ಎದ್ದು ನಿಂತರು. "ಎಲ್ಲಾರೂ ಒಮ್ಮೆಲೇ ಒದರಿದ್ರ ರೈಲು ರೈಲಿಗೆ ಬಡೀತಾವ್ರೀ. ಒಬ್ಬರು ಹೇಳ್ರಿ. ಆ ಕಡಿಯವರು ಹೇಳಿದ್ದಷ್ಟೂ ತಿರುಗಿ ಹೇಳಲಿ. ಆಮ್ಯಾಲೆ ನಾ ಬರೆದುಕೊಡೂ ಪಟ್ಟಿಯಾಗಿಂದ ಒಂದು ನಂಬರ್ ಕೊಡ್ಲಿ. ನಂಬರ್ ಬರೂತನಾ ಮಾತು ಮುಟ್ಟಿಲ್ಲಂತ ತಿಳೀರಿ."

ಎರಡು ಸ್ಟೇಷನ್ನುಗಳ ಮಾಸ್ತರರು ಫೋನಿನಲ್ಲಿ ಹೀಗೆ ನಂಬರು ಕೊಟ್ಟು ತೆಗೆದುಕೊಂಡೇ ನಡುವೆ ರೈಲು ಬಿಡುತ್ತಿದ್ದರಂತೆ. ಆ ಕಡೆಯಿಂದ ನಂಬರು ಬರುವವರೆಗೆ ಗಾಡಿ ಹೊರಡುವಂತಿಲ್ಲ. ಮುಖ ನೋಡದವರ ಜೊತೆ ಮೂವತ್ತು ವರ್ಷ ಕಾಕಾ ಹಾಗೆ ಮಾತಾಡಿದ್ದರು. ನಂಬರಿನ ಪಟ್ಟಿಯನ್ನು ತಾವೇ ಬರೆದು, ಒಂದು ಪ್ರತಿಯನ್ನು ಅಂಚೆಯಲ್ಲಿ ಜಪಾನಿಗೆ ಕಳಿಸಿದರು. ಒಂದು ಮಾತಿಗೆ ಒಂದು ನಂಬರು, ಕೊಟ್ಟ ನಂಬರಿಗೆ ಎರಡೂ ಕಡೆ ಗೆರೆ.

ನಾನು ನಕ್ಕಿದ್ದೆ. ಆದರೆ ಪಟ್ಟಿ ತಲುಪಿದ ಮೇಲಿನ ಮೊದಲ ಶನಿವಾರ, ಅಮ್ಮನಿಗೆ ಫೋನು ಮಾಡದೆ ತಿಂಗಳಾಯಿತು ಎಂದು ನನ್ನ ಹರುಕು ಜಪಾನಿಯಲ್ಲಿ ಹೇಳಿದಾಗ, ಪರದೆಯ ಆಚೆಯ ಹುಡುಗಿಯೊಬ್ಬಳು ಅದನ್ನು ಒಂದಕ್ಷರ ಬಿಡದೆ ತಿರುಗಿ ಹೇಳಿ ನಂಬರು ಕೊಟ್ಟಳು. ನನಗೆ ಮೈ ಜುಂ ಎಂದಿತು. ಹುಟ್ಟಿದ ಮೇಲೆ ನನ್ನ ಮಾತನ್ನು ಯಾರಾದರೂ ಪೂರ್ತಿ ಕೇಳಿಸಿಕೊಂಡದ್ದು ಅದೇ ಮೊದಲು ಅನ್ನಿಸಿತು. ಆ ಸಂಜೆಯೇ ಅಮ್ಮನಿಗೆ ಫೋನು ಮಾಡಿದೆ.

ಆ ಹುಡುಗಿಯೇ ಕಾಕಾನ ಮಾತಿನ ಜೋಡಿಯಾದಳು. ನಾನು ಎಷ್ಟು ಮೈಸೂರಿನ ಕನ್ನಡ ಕಲಿಸಹೋದರೂ ಅವಳ ಬಾಯಲ್ಲಿ ಬರುತ್ತಿದ್ದದ್ದು 'ಭಾಳ ಛಲೋ ಐತ್ರಿ'. ರೈಲು ತಡವಾದರೆ ಕೇಳುವ ಕ್ಷಮೆಯನ್ನೂ ಅವಳು ಹೇಳಿಕೊಟ್ಟಳು, ತಲೆಬಾಗಿಸಿ. ಕಾಕಾ ಎದ್ದು ನಿಂತು ಅದನ್ನು ತಿರುಗಿ ಹೇಳಿದರು. ಅವರ ದವಡೆಯಲ್ಲಿ ಸದಾ ಒಂದು ಲವಂಗ. ಚಟ ಇರಬೇಕು ಅಂದುಕೊಂಡಿದ್ದೆವು. ದನಿ ಒಡೆಯುತ್ತಿದ್ದುದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು...

ಒಂದು ಶನಿವಾರ ಕನ್ನಡದ ಸರದಿಯಲ್ಲಿ ಕಾಕಾ ಪರದೆಯ ಮುಂದೆ ಕೂತು, ಪ್ರಕಟಣೆ ಓದಿದಂತೆ ನಿಧಾನವಾಗಿ ಹೇಳಿದರು: "ನನ್ನ ಗಂಟಲದಾಗ ಗಡ್ಡಿ ಐತಿ. ಸೋಮವಾರ ಆಪರೇಷನ್. ಇನ್ನ ಮ್ಯಾಲೆ ನನಗ ದನಿ ಇರೂದಿಲ್ಲ."

ಒಂದು, ಎರಡು, ಮೂರು ಸೆಕೆಂಡು. ನಮಗೂ ವಿಷಯ ಗೊತ್ತಾದದ್ದು ಆ ಗಳಿಗೆಯಲ್ಲೇ.

ಆಚೆ ಹುಡುಗಿಯ ಮುಖ ನಿಂತುಹೋಗಿತ್ತು. ಚಿತ್ರ ಸಿಕ್ಕಿಕೊಂಡಿತೋ ಅವಳೇ ಹಾಗೆ ಕೂತಿದ್ದಳೋ ತಿಳಿಯಲಿಲ್ಲ. ಆಮೇಲೆ ನಿಯಮದಂತೆ ತಿರುಗಿ ಹೇಳತೊಡಗಿದಳು. "ನನ್ನ ಗಂಟಲದಾಗ ಗಡ್ಡಿ ಐತಿ..." ಅದೇ ರಾಯಚೂರಿನ ಎಳೆತ, ನಡುನಡುವೆ ಅದೇ ನಿಲುಗಡೆ. ಕಣ್ಣು ಮುಚ್ಚಿ ಕೇಳಿದ್ದರೆ ಕಾಕಾನೇ. ಆ ಕೋಣೆಯಲ್ಲಿ ಅಂದು ನನಗಾದ ಬೆರಗು ಇವತ್ತಿಗೂ ಇಳಿದಿಲ್ಲ. ಇವರ ಗಂಟಲನ್ನು ಬಿಟ್ಟುಹೋಗಲಿದ್ದ ದನಿ ಸಮುದ್ರದಾಚೆ ಯಾರದೋ ಬಾಯಲ್ಲಿ ಆಗಲೇ ಕೂತಿತ್ತು.

ಪಟ್ಟಿಯಲ್ಲಿ ಉಳಿದದ್ದು ಒಂದೇ ನಂಬರು, ನಲವತ್ತೇಳು. ಕಾಕಾ ಪೆನ್ನು ಹಿಡಿದು ಕಾದರು. ಅವಳು ಕೊಡಲಿಲ್ಲ.

"ನಂಬರ್ ಕೊಡಂಗಿಲ್ರಿ ಕಾಕಾ," ಎಂದಳು. "ಕೊಟ್ರ ನೀವು ಹೋಗ್ತೀರಿ."

ಕಾಕಾ ನಮ್ಮ ಕಡೆ ತಿರುಗಿ ಕಣ್ಣೊರೆಸಿಕೊಂಡು ನಕ್ಕರು. "ನೋಡ್ರಲೇ, ಗಾಡಿ ನಿಂದ್ರಿಸಿಬಿಟ್ಟಳು!"

ತಿಂಗಳು ಕಳೆದ ಮೇಲೆ ಕಾಕಾ ಕೊರಳಿಗೆ ಬಟ್ಟೆ ಸುತ್ತಿಕೊಂಡು ಬಂದರು, ಕೈಯಲ್ಲಿ ಸ್ಲೇಟು. ಅವರು ಜಪಾನಿಯಲ್ಲಿ ಬರೆದು ತೋರಿಸಿದ್ದನ್ನು ಅವಳು ಗಟ್ಟಿಯಾಗಿ ಓದಿ ಹೊಸ ಪಟ್ಟಿಯಿಂದ ನಂಬರು ಕೊಡುತ್ತಿದ್ದಳು. ಅವಳು ಬೆಂಗಳೂರಿಗೆ ಹೊರಡುವವರೆಗೂ ಒಂದು ಶನಿವಾರವೂ ತಪ್ಪಲಿಲ್ಲ. ಹಳೆಯ ಚೀಟಿಯನ್ನು ಕಾಕಾ ನನ್ನ ನಿಘಂಟಿನಲ್ಲಿಟ್ಟರು.

ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಆಗ ನಾನು ಜಪಾನಿನಲ್ಲಿದ್ದೆ, ಮಣ್ಣಿಗೂ ಬರಲಾಗಲಿಲ್ಲ. ಈಗ ದಿನಕ್ಕೆ ನಾಲ್ಕು ವಿಡಿಯೊ ಮೀಟಿಂಗು. ಚಿತ್ರ ನಿಲ್ಲುವುದಿಲ್ಲ, ದನಿ ತಡವಾಗುವುದಿಲ್ಲ. ಯಾರೂ ಯಾರ ಮಾತನ್ನೂ ತಿರುಗಿ ಹೇಳುವುದೂ ಇಲ್ಲ.

ಮೊನ್ನೆ ಆ ನಲವತ್ತೇಳರ ಮೇಲೆ ಪೆನ್ನು ಇಟ್ಟೆ, ಹೋದವರು ಹೋದರಲ್ಲ ಎಂದು. ಗೆರೆ ಎಳೆಯಲಾಗಲಿಲ್ಲ. ಆ ಕಡೆಯಿಂದ ಇನ್ನೂ ನಂಬರು ಬಂದಿಲ್ಲ.