ಎಂಟು ಚುಕ್ಕಿಯ ಚೌಕದಲ್ಲಿ ಕನ್ನಡ

ನಾಸಿಕದ ಹತ್ತಿರ, ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ವೈರಿಂಗ್ ಕೆಲಸ ಮಾಡಿ ನಿವೃತ್ತನಾದ ಮೇಲೆ ನನಗೆ ಹಳೆಯ ಕಂಪ್ಯೂಟರುಗಳ ಹುಚ್ಚು ಹಿಡಿಯಿತು. ಅದಕ್ಕೆ ಕಾರಣ ಸಂಭಾಜಿನಗರದ ಒಬ್ಬ ರೇಡಿಯೊ ರಿಪೇರಿಯವರು. ಮಗಳು ಆ ಊರಿನ ಪಕ್ಕದ ವಾಳೂಜಿನಲ್ಲಿ ಎಂಜಿನಿಯರು. ಅವಳ ಮನೆಗೆ ಹೋದಾಗ ಕೆಟ್ಟ ಟ್ರಾನ್ಸಿಸ್ಟರ್ ಹಿಡಿದು ಅವರ ಅಂಗಡಿಗೆ ಹೋದೆ. ಕಪಾಟಿನ ಮೇಲೆ ಎರಡು ಹೋಮ್ ಕಂಪ್ಯೂಟರುಗಳಿದ್ದವು, ಟಿವಿಗೆ ಜೋಡಿಸಿ ಕ್ಯಾಸೆಟ್ಟಿನಿಂದ ಪ್ರೋಗ್ರಾಂ ಓದಿಸುವಂಥವು. ನಾನು ನೋಡುವುದನ್ನು ಕಂಡು ಆ ಹಿರಿಯರು ಒಂದನ್ನು ಹಚ್ಚಿದರು. ಪರದೆಯ ಮೇಲೆ ಬಲದಿಂದ ಎಡಕ್ಕೆ, ಒಂದಕ್ಕೊಂದು ಕೈ ಹಿಡಿದುಕೊಂಡು, ಉರ್ದು ಅಕ್ಷರಗಳು ಬಂದವು.

ಆ ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೇನೂ ಗೊತ್ತಿಲ್ಲ ಎಂದೇ ತಿಳಿದಿದ್ದೆ.

"ಮೈನೇ ಖುದ್ ಬನಾಯೇ," ಎಂದರು ಅವರು, ಅಕ್ಷರಗಳನ್ನು ತಾವೇ ಮಾಡಿದ್ದೆಂದು. ನಾನು ಕನ್ನಡದವನೆಂದು ಕೇಳಿ ತಿಳಿದುಕೊಂಡರು. ಇನ್ನೊಂದು ಯಂತ್ರವನ್ನು ಹಳೆಯ ಟವೆಲಿನಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಲೇ ಜಾಯಿಯೇ. ಕನ್ನಡ್ ಲಿಖ್ ಕೇ ದಿಖಾಯಿಯೇ." ಒಯ್ದು ಕನ್ನಡ ಬರೆದು ತೋರಿಸಬೇಕಂತೆ.

ನಾಸಿಕಕ್ಕೆ ಮರಳಿದವನೇ ಗ್ರಾಫ್ ಪುಸ್ತಕ ಕೊಂಡೆ. ಆ ಯಂತ್ರದಲ್ಲಿ ಒಂದು ಅಕ್ಷರಕ್ಕೆ ಸಿಗುವುದು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕ. ಚುಕ್ಕಿಗಳ ಪ್ರತಿ ಸಾಲನ್ನೂ ಒಂದು ಅಂಕಿಯಾಗಿ ಬದಲಿಸಿ ಟೈಪ್ ಮಾಡಬೇಕು. ಇಂಗ್ಲಿಷಿಗೆ ಅಷ್ಟು ಜಾಗ ಧಾರಾಳ. ನಮ್ಮ ದುಂಡು ಅಕ್ಷರಗಳು ಅದರೊಳಗೆ ಉಸಿರುಗಟ್ಟಿದವು.

ಹೆಂಡತಿ ಹಿಂದಿನಿಂದ ಬಗ್ಗಿ ನೋಡಿದಳು. "ಇದೇನ್ರಿ, ಜಜ್ಜಿದ ಡಬ್ಬಿ?"

"ಟ," ಎಂದೆ.

"ಎಂಟು ಮನಿಯೊಳಗ ಅದು ಕೂಡಂಗಿಲ್ರಿ. ಅಡ್ಡ ಇನ್ನೊಂದು ಚೌಕ ಕೊಡ್ರಿ ಅದಕ್ಕ."

ಅವಳು ಧಾರವಾಡದವಳು. ಎಳೆ ಎಣಿಸಿ ಎಣಿಸಿ ಕಸೂತಿ ಹಾಕುತ್ತ ಬೆಳೆದವಳು. ಆದರೂ ನನಗೆ ಹಟ. ಒಂದು ವಾರ ಒಂದೇ ಚೌಕದಲ್ಲಿ ಹೆಣಗಾಡಿದೆ. ಕೊನೆಗೆ ಸೋತು ಪೆನ್ಸಿಲ್ಲನ್ನು ಅವಳ ಕೈಗೆ ಕೊಟ್ಟೆ. ಬೇಳೆ ಬೇಯುವಷ್ಟರಲ್ಲಿ ಎರಡು ಚೌಕದ 'ಟ' ಕೂತಿತು, ಹೊಟ್ಟೆ ತುಂಬಿಕೊಂಡು. ಊಕಾರಕ್ಕೆ ಮೂರು ಚೌಕ ಬೇಕೆಂದಳು, ಕೊಟ್ಟೆ. ಒತ್ತಕ್ಷರಕ್ಕೆ ಕೆಳಗಿನ ಸಾಲಿನಲ್ಲಿ ಇನ್ನೊಂದು.

ಏನು ಬರೆಯುವುದೆಂದು ನಿರ್ಧರಿಸಿದವಳೂ ಅವಳೇ: "ಊಟ ಆತೇನ್ರಿ."

ದೀಪಾವಳಿಗೆ ಮಗಳ ಮನೆಗೆ ಹೋದಾಗ ಮೂವರೂ ಕೂಡಿ ಅಂಗಡಿಗೆ ಹೋದೆವು. ಅಲ್ಲಿ, ಜೊತೆಗೆ ಒಯ್ದ ಯಂತ್ರಕ್ಕೆ ನಮ್ಮ ಅಕ್ಷರ ತುಂಬಿಸಿಟ್ಟ ಕ್ಯಾಸೆಟ್ ಹಾಕಿದರೆ ಟೇಪು ಸಿಕ್ಕಿಕೊಂಡು ಸುರುಳಿ ಸುರುಳಿಯಾಗಿ ಹೊರಬಂತು. ನನಗೆ ಅಳುವೇ ಬಂದಂತಾಯಿತು. ಹೆಂಡತಿ ಚೀಲದಿಂದ ಗ್ರಾಫ್ ಪುಸ್ತಕ ತೆಗೆದಳು.

"ಬರಕೋರಿ. ಅರವತ್ತು... ಅರವತ್ತಾರು..."

ಅವಳು ಓದಿದಂತೆ ನಾನು ಒತ್ತುತ್ತ ಹೋದೆ, ನೂರಕ್ಕೂ ಹೆಚ್ಚು ಅಂಕಿಗಳನ್ನು. ಅಂಗಡಿಯವರು ಗಿರಾಕಿಗಳಿಗೆ ತಡೆಯಲು ಹೇಳಿ ಸ್ಟೂಲು ಎಳೆದುಕೊಂಡು ಕೂತರು. ಮುಗಿಸಿ ಓಡಿಸಿದಾಗ ಕನ್ನಡ ಬಂತು, ಆದರೆ 'ತೇ' ನಡುವೆ ಹರಿದಿತ್ತು. ಅವರಿಗೆ ಕನ್ನಡದ ಒಂದಕ್ಷರವೂ ಬಾರದು. ಆದರೂ ಬೆರಳಿಟ್ಟು ತೋರಿಸಿದರು: "ಯಹಾಂ ಲಕೀರ್ ಟೂಟೀ ಹೈ." ನೋಡಿದರೆ ನೂರಾ ಇಪ್ಪತ್ತಾರರ ಬದಲು ನೂರಾ ಅರವತ್ತೆರಡು ಒತ್ತಿದ್ದೆ. ತಿದ್ದಿದೆ. ಗೆರೆ ಕೂಡಿತು.

ನಾಸಿಕದಲ್ಲಿ ಮರಾಠಿ ಶಾಲೆಯಲ್ಲಿ ಓದಿದ ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಓದಲು ಬರುವುದಿಲ್ಲ. "ಕಾಯ್ ಲಿಹಿಲಂಯ್, ಅಪ್ಪಾ?" ಎಂದು ಮರಾಠಿಯಲ್ಲಿ ಕೇಳಿದಳು, ಏನು ಬರೆದಿದೆ ಅಂತ. ಅವಳಮ್ಮ ಒಂದೊಂದು ಅಕ್ಷರದ ಕೆಳಗೂ ಬೆರಳಾಡಿಸುತ್ತ ಓದಿದಳು. ಮಗಳು ನಕ್ಕಳು. "ಅಯ್ಯ, ಇಷ್ಟಽ? ಫೋನಿನ್ಯಾಗ ದಿನಾ ಇದನ್ನಽ ಕೇಳ್ತಿ, ಅಮ್ಮಾ."

ನಾನು ಹಿಂದಿಯಲ್ಲಿ ಅರ್ಥ ಹೇಳಿದೆ. ಅಂಗಡಿಯವರು ಗಂಭೀರವಾಗಿ ಪರದೆಯ ಕಡೆಗೇ ತಿರುಗಿ, "ಅಭೀ ನಹೀಂ ಹುವಾ," ಇನ್ನೂ ಆಗಿಲ್ಲ, ಎಂದು ಉತ್ತರ ಕೊಟ್ಟರು. ಎದುರಿನ ಹೋಟೆಲಿನಿಂದ ಪೂರಿ ಭಾಜಿ ತರಿಸಿದರು. ನಾವು ನಾಲ್ವರೂ ಬಿಚ್ಚಿಟ್ಟ ರೇಡಿಯೊಗಳ ನಡುವೆ ಜಾಗ ಮಾಡಿಕೊಂಡು ತಿಂದೆವು. ಹೊರಡುವಾಗ ಯಂತ್ರವನ್ನು ಹಿಂದಿರುಗಿಸಲು ಹೋದರೆ ಅವರು ಅದನ್ನು ಕೈಯಿಂದ ಮುಟ್ಟಲೂ ಇಲ್ಲ.

ಈಗ ಅದು ನಮ್ಮ ಊಟದ ಮೇಜಿನ ಅರ್ಧ ಹಿಡಿದಿದೆ. ನಾವೇ ಮಾಡಿದ ಚೌಕಗಳಿಗೆ ಅದರಲ್ಲಿರುವ ಜಾಗ ಇಪ್ಪತ್ತೊಂದು ಮಾತ್ರ. ಹಾಗಾಗಿ ಹೊಸ ಮಾತು ಬರೆಯಬೇಕಾದಾಗಲೆಲ್ಲ ಹಳೆಯ ಅಕ್ಷರ ಅಳಿಸಬೇಕು. ಯಾವುದನ್ನು ಅಳಿಸುವುದೆಂದು ದಿನವೂ ಜಗಳ. ನಿನ್ನೆ ಅವಳು 'ಳ' ಮುಗಿಸಿದಳು. ಬಾಲ ಸರಿಯಾಗಿಲ್ಲವಂತೆ, ಇವತ್ತು ಮತ್ತೆ ಕೂತಿದ್ದಾಳೆ.