ಕಿವಿ ಕತ್ತರಿಸಿ ಬಿಟ್ಟ ಕೋಣ

ಪಕ್ಕದ ಮನೆಯಾಕೆ ಸ್ಟೀಲ್ ಡಬ್ಬಿಯಲ್ಲಿ ಗಿಣ್ಣ ಕೊಟ್ಟು ಹೋದಳು. ಮುಚ್ಚಳ ತೆಗೆದೆ. ಬೆಲ್ಲ, ಏಲಕ್ಕಿ, ಆಗಷ್ಟೇ ಈದ ಎಮ್ಮೆಯ ದಪ್ಪ ಹಾಲಿನ ವಾಸನೆ... ಗಂಡನ ಊರಿನ ಎದುರುಮನೆ ಕಾಕ ನೆನಪಾದ. ಚಮಚ ಕೆಳಗಿಟ್ಟೆ.

ಕಾನಹೊಸಹಳ್ಳಿ ಹತ್ತಿರದ ಆ ಊರಿಗೆ ನಾನು ಸೊಸೆಯಾಗಿ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಊರಿನ ಎಮ್ಮೆಗಳೋ, ಅಯ್ಯೋ, ಅರ್ಧ ತಂಬಿಗೆ ಹಿಂಡುವಷ್ಟರಲ್ಲಿ ಒದ್ದು ಓಡುವಂಥವು! ಕಾಕ ಒಂದು ಜೋಡಿ ಟಗರು ಕೊಟ್ಟು ಹರಪನಹಳ್ಳಿ ಕಡೆಯಿಂದ ಮುರ್ರಾ ಜಾತಿಯ ಕೋಣಗರು ತಂದಿದ್ದ. ಕಿವಿಯ ಪಕ್ಕ ಸುರುಳಿ ಸುತ್ತುವ ಕೊಂಬು, ಇದ್ದಿಲಿನಂಥ ಮೈ. ಇದಕ್ಕೆ ಹುಟ್ಟುವ ಹೆಣ್ಣು ಕೊಡ ತುಂಬ ಹಾಲು ಕೊಡುತ್ತವೆ, ಗಂಡು ಬಂಡಿ ಎಳೆಯುತ್ತವೆ, ಹತ್ತು ವರ್ಷದಲ್ಲಿ ಊರಿನ ತಳಿಯೇ ಬದಲಾಗುತ್ತದೆ ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. ಬೇರೆ ಮಾತೇ ಇರಲಿಲ್ಲ ಆ ಮನುಷ್ಯನಿಗೆ.

ಬೆಳೆದ ಕೋಣಕ್ಕೆ ಒಬ್ಬನೇ ಎಷ್ಟೆಂದು ಮೇವು ಹಾಕಿಯಾನು? ಅದರ ಕಿವಿ ಕತ್ತರಿಸಿ, ಭಂಡಾರ ಹಚ್ಚಿ, ಊರಮ್ಮನ ಹೆಸರಿನಲ್ಲಿ ಬಿಟ್ಟುಬಿಟ್ಟ. ದೇವರ ಕೋಣ ಯಾರ ಹೊಲದಲ್ಲಿ ಮೇಯ್ದರೂ ಬಡಿಯುವವರಿಲ್ಲ. ಊರಿನ ಎಮ್ಮೆಗಳಿಗೆಲ್ಲ ಅದೇ ಗಂಡು. ಆದರೆ ಅಮ್ಮನ ಹಬ್ಬ ಬಂದರೆ ಅದನ್ನು ಕಡಿಯಬೇಕು.

"ಕಾಕಾ, ಹಬ್ಬ ಬಂದ್ರ ಏನ್ ಮಾಡ್ತೀರಿ?" ಅಂದಿದ್ದೆ.

"ಮ್ಯಾಲಿನ ಓಣಿ, ಕೆಳಗಿನ ಓಣಿ ಜಗಳಾಡಿ ಹಬ್ಬ ನಿಂತು ಹನ್ನೆರಡು ವರ್ಷ ಆತವ್ವ. ಇವರು ಯಾವಾಗ ಒಂದಾಗ್ತಾರ? ನೀ ಸುಮ್ನಿರು" ಎಂದು ನಕ್ಕ.

ಮರುವರ್ಷವೇ ಒಂದಾದರು, ಹಾಳಾದವರು! ಕಾಕ ಮನೆಮನೆಗೆ ಹೋಗಿ ಕೈಮುಗಿದ, ಬೇರೆ ಕೋಣ ಕೊಡುತ್ತೇನೆಂದ. ಕಿವಿ ಕತ್ತರಿಸಿದ್ದು ನೀನೇ ಅಲ್ಲವೇ ಎಂದರು. ಕೋಣ ಹೋಯಿತು.

ಎರಡು ತಿಂಗಳಿಗೆ ನಮ್ಮ ಎಮ್ಮೆ ಈಯಿತು. ಗಿಣ್ಣ ಒಯ್ದು ಕೊಟ್ಟೆ. ಕಾಕ ಬಾಯಿಗಿಡಲಿಲ್ಲ.

"ಏನ್ ಹಾಕೇತಿ?"

"ಗಂಡು, ಕಾಕಾ. ಥೇಟ್ ಅದರಂಗ ಐತ್ರಿ."

"ಬ್ಯಾರೇರು ಗಂಡುಗರ ಎಲ್ಲಾ ಮಾರಿಬಿಟ್ರು. ಅದರ ಗಂಡು ಅಂತ ಉಳದದ್ದು ಇದೊಂದ... ಜೋಪಾನ ಮಾಡವ್ವ" ಎಂದು ಕಣ್ಣೊರೆಸಿಕೊಂಡ.

ಕರು ಬೆಳೆದಂತೆ, ಮುಂದಿನ ಹಬ್ಬಕ್ಕೆಂದು ಊರ ಹಿರಿಯರ ಕಣ್ಣು ಅದರ ಮೇಲೂ ಬಿತ್ತು. ಬೀಜ ಒಡೆಸಿದ, ಕರು ಹುಟ್ಟಿಸಲಾರದ ಕೋಣ ಅಮ್ಮನಿಗೆ ಸಲ್ಲುವುದಿಲ್ಲ. ಜೀವವಾದರೂ ಉಳಿಯಲಿ ಎಂದು ನಾನೇ ಗಂಡನಿಗೆ ಹೇಳಿ ಬೀಜ ಒಡೆಸಿ, ಬಂಡಿಗೆ ಕಟ್ಟಿಸಿದೆ. ಕಾಕನನ್ನು ಕೇಳಲಿಲ್ಲ... ಬೇಡವೆಂದಾನು ಎಂಬ ಹೆದರಿಕೆ. ಬಂಡಿ ತನ್ನ ಮನೆ ಮುಂದೆ ಹಾದಾಗ ಅವನು ಕೋಣದ ಬೆನ್ನು ಸವರಿದ, ಹಿಂಗಾಲಿನ ನಡುವೆ ನೋಡಿದ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆಮೇಲೆ ತಳಿಯ ಮಾತು ಎತ್ತಲೇ ಇಲ್ಲ.

ಕಾಕ ತೀರಿಕೊಂಡು ಎಷ್ಟೋ ವರ್ಷವಾಯಿತು. ಊರಿನವರನ್ನು ಇಷ್ಟು ದಿನ ಬೈದುಕೊಂಡೇ ಬಂದೆ. ಉಳಿದದ್ದೊಂದನ್ನು ಮುಗಿಸಿದವಳು ನಾನು. ಗಿಣ್ಣವನ್ನು ಮೊಮ್ಮಕ್ಕಳಿಗೆ ಬಡಿಸಿ, ಡಬ್ಬಿ ತೊಳೆದು ವಾಪಸು ಕೊಟ್ಟೆ. ರುಚಿ ಹೇಗಿತ್ತು ಎಂದು ಪಕ್ಕದಾಕೆ ಕೇಳಿದಳು. ಚೆನ್ನಾಗಿತ್ತು ಎಂದೆ.