ಅವ್ವ ಕೊಟ್ಟ ಉತ್ತರ

“ಈ ಉದಾಹರಣೆ ನಿಮಗೆ ಎಲ್ಲಿ ಸಿಕ್ಕಿತು?” ಎಂದರು ಪರೀಕ್ಷಕರು. ಭಾಷೆಯ ತತ್ತ್ವಶಾಸ್ತ್ರದಲ್ಲಿ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ನಡೆದಿತ್ತು. ಹೊರಡುವಾಗ ನಾವು ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಎನ್ನುವುದೇಕೆ ಎಂದು ಒಂದು ಅಧ್ಯಾಯವನ್ನೇ ಬರೆದಿದ್ದೆ. ಹಿಂದೆ ಕುಳಿತಿದ್ದ ಅವ್ವನನ್ನು ತೋರಿಸಿದೆ. ಯಲಬುರ್ಗಾ ಬಳಿಯ ನಮ್ಮೂರಿನಿಂದ, ಅಂದಿನ ಕೂಲಿ ಬಿಟ್ಟು, ಮೊದಲ ಸಲ ವಿಶ್ವವಿದ್ಯಾಲಯಕ್ಕೆ ಬಂದಿದ್ದಳು.

ಹಾಗೇಕೆ ಎನ್ನುತ್ತೀರಿ ಎಂದು ಪರೀಕ್ಷಕರು ಅವಳನ್ನೇ ಕೇಳಿಬಿಟ್ಟರು. ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. “ಹೋಗ್ತೀನಿ ಅಂದ್ರ ಬರೇ ಸುದ್ದಿ ಹೇಳಿದಂಗ್ರಿ. ಬರ್ತೀನಿ ಅಂದ್ರ ಮಾತು ಕೊಟ್ಟಂಗ.”

“ಇನ್ನೊಮ್ಮೆ ಹೇಳಿ ತಾಯಿ” ಎಂದು ಅವರು ಬರೆದುಕೊಂಡರು.

ಈಗ ನಾನೂ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಆ ವಿಷಯ ಬಂದಾಗ, ದೊಡ್ಡ ಪಂಡಿತರಿಗಿಂತ ಮೊದಲು ಬೋರ್ಡಿನ ಮೇಲೆ ನನ್ನವ್ವನ ಹೆಸರು ಬರೆಯುತ್ತೇನೆ.